ಗೋವೆಯ ಬೆಳಗು, ಬೂಸಾ ಮೆತ್ತಿದ ಪೊಯಿ

ಗೋವಾ ಎಂದೊಡನೆ ಶಾಲಾ ಪ್ರವಾಸದ ಮಕ್ಕಳಿಗೆ ನೆನಪಾಗುವುದು ಕಡಲ ಕಿನಾರೆ, ಹಳೆಯ ಇಗರ್ಜಿಗಳು, ಮಾಂಡವಿ ನದಿಯ ದೋಣಿ ವಿಹಾರ. ಇವೆಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿ ರಾತ್ರಿಯೇ ಊರಿನ ದಾರಿ ಹಿಡಿಯುವ ಬಸ್ಸುಗಳೂ ಉಂಟು. ಆದರೆ ಹಳ್ಳಿಯೊಂದರಲ್ಲಿ ರಾತ್ರಿ ತಂಗಿದವರಿಗೆ ಮಾತ್ರ ಸಿಗುವ ಇನ್ನೊಂದು ಗೋವಾ ಇದೆ. ಅದು ನಸುಕಿನಲ್ಲಿ, ಸೈಕಲ್ಲಿನ ಮೇಲೆ, ರಬ್ಬರ್ ಹಾರನ್ ಒತ್ತುತ್ತ, ಮನೆ ಬಾಗಿಲಿಗೇ ಬರುತ್ತದೆ!

ಸೈಕಲ್ ಸವಾರನಿಗೆ ಕೊಂಕಣಿಯಲ್ಲಿ 'ಪೊದೇರ್' ಎಂದು ಹೆಸರು. ಬೇಕರಿಯವನು ಎಂದರ್ಥ. ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಲೂಸಿಯೋ ರಾಡ್ರಿಗಸ್ ಅವರು ಬರೆದ ಗೋವೆಯ ಬೇಕರಿಯವನ ಪಾಠ ಓದಿದ ವಿದ್ಯಾರ್ಥಿಗಳಿಗೆ ಈತ ಅಪರಿಚಿತನಲ್ಲ. ಅವನ ಬುಟ್ಟಿಯ ಹೊದಿಕೆ ಸರಿಸಿದರೆ ಬಿಸಿ ಹಬೆಯೊಡನೆ ನಾನಾ ಆಕಾರಗಳು ಇಣುಕುತ್ತವೆ: ಮೆತ್ತಗಿನ ಚೌಕ ಪಾವ್, ಗಟ್ಟಿ ಮೈಯ ದುಂಡನೆಯ ಉಂಡೊ, ಕತ್ತರಿಯಲ್ಲಿ ಕತ್ತರಿಸಿ ಚಿಟ್ಟೆಯಂತೆ ಬಿಡಿಸಿದ ಕಾತ್ರೆ ಪಾವ್, ಬಳೆಯಂತಹ ಗರಿಗರಿ ಕಾಂಕಣ. ಇವೆಲ್ಲದರ ನಡುವೆ ಮಾಸಲು ಬಣ್ಣದ, ಮೈಯೆಲ್ಲ ಗೋಧಿ ಬೂಸಾ ಮೆತ್ತಿಕೊಂಡ, ಒಳಗೆ ಟೊಳ್ಳಾದ ಒಂದು ರೊಟ್ಟಿ ಇರುತ್ತದೆ. ಅದೇ ಪೊಯಿ.

ಲೋಂಡಾದಿಂದ ಕ್ಯಾಸಲ್‌ರಾಕ್ ಮೇಲೆ ಹಾದು, ದೂಧಸಾಗರ ಜಲಪಾತದ ಪಕ್ಕದಲ್ಲೇ ಘಟ್ಟ ಇಳಿಯುವ ರೈಲು ಮಡಗಾಂವ ದಾಟಿ ವಾಸ್ಕೋ ಕಡೆ ಹೊರಟರೆ ದಾರಿಯಲ್ಲಿ ಮಾಜೋರ್ಡಾ ಎಂಬ ಊರು ಸಿಗುತ್ತದೆ. ತೆಂಗಿನ ತೋಟ, ಗದ್ದೆ, ಕೆಂಪು ಹಂಚಿನ ಮನೆಗಳ ಸಾಲ್ಸೆಟ್ ತಾಲ್ಲೂಕಿನ ಊರದು. ಗೋವೆಯವರಿಗೆ ಒಲೆಯ ರೊಟ್ಟಿ ಸುಡುವ ವಿದ್ಯೆಯನ್ನು ಜೆಸ್ವಿಟ್ ಪಾದ್ರಿಗಳು ಮೊದಲು ಕಲಿಸಿದ್ದು ಇಲ್ಲೇ ಎಂದು ಸ್ಥಳೀಯರು ಹೇಳುತ್ತಾರೆ. ಪೋರ್ಚುಗೀಸರು ಗೋವೆಯನ್ನು ಗೆದ್ದದ್ದು 1510ರಲ್ಲಿ. ಬಿಟ್ಟು ಹೋದದ್ದು 1961ರಲ್ಲಿ. ಅವರ ಆಡಳಿತ ಹೋಯಿತು, ರೊಟ್ಟಿ ಉಳಿಯಿತು. ಮುಂಬಯಿಯ ವಡಾ ಪಾವ್‌ನಲ್ಲಿರುವ 'ಪಾವ್' ಕೂಡ ಪೋರ್ಚುಗೀಸರದೇ ಪದ.

ಅನ್ನ ಉಣ್ಣುವ ಕರಾವಳಿಯಲ್ಲಿ ಗೋಧಿ ರೊಟ್ಟಿ ಉಬ್ಬಿಸುವುದು ಸುಲಭವಾಗಿರಲಿಲ್ಲ. ಯೂರೋಪಿನ ಹುದುಗು ಇಲ್ಲಿ ಸಿಗುತ್ತಿರಲಿಲ್ಲ. ಆಗ ಕೈಗೆ ಎಟುಕಿದ್ದು ತೆಂಗಿನ ಕಳ್ಳು! ಮರದಿಂದ ಇಳಿಸಿದ ಕೆಲವೇ ಗಂಟೆಗಳಲ್ಲಿ ಕಳ್ಳು ನೊರೆಗಟ್ಟುವುದನ್ನು ನೀವು ಕಂಡಿರಬಹುದು. ಅದು ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಕೆಲಸ. ಸಕ್ಕರೆಯನ್ನು ತಿಂದು ಅದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುತ್ತದೆ. ಹಿಟ್ಟಿನೊಳಗೆ ಸೇರಿದಾಗ, ಗೋಧಿಯ ಗ್ಲೂಟೆನ್ ಎಂಬ ಅಂಟಿನ ಜಾಲದಲ್ಲಿ ಆ ಅನಿಲ ಸಿಕ್ಕಿಕೊಂಡು ಕಣಕ ಉಬ್ಬುತ್ತದೆ. ಮದ್ಯಸಾರ ಒಲೆಯ ಕಾವಿಗೆ ಬಹುಪಾಲು ಹಾರಿಹೋಗುತ್ತದೆ. ಹುದುಗುವಿಕೆಯ ಹಿಂದೆ ಜೀವಿಗಳಿವೆ ಎಂದು ಫ್ರಾನ್ಸಿನ ಲೂಯಿ ಪಾಶ್ಚರ್ 1850ರ ದಶಕದಲ್ಲಿ ತೋರಿಸಿಕೊಡುವ ಮುನ್ನವೇ ಗೋವೆಯ ಪೊದೇರರು ಆ ಜೀವಿಗಳನ್ನು ದುಡಿಸಿಕೊಳ್ಳುತ್ತಿದ್ದರು.

ಪೊಯಿಯ ವಿಶೇಷ ಅದರ ಬೂಸಾದಲ್ಲಿದೆ. ಗೋಧಿ ಕಾಳಿನ ಹೊರ ಸಿಪ್ಪೆಯೇ ಬೂಸಾ. ನಮ್ಮಲ್ಲಿ ಅದು ಹೆಚ್ಚಾಗಿ ದನದ ಬಾನಿಗೆ ಹೋಗುತ್ತದೆ. ಸಿಪ್ಪೆ, ಮೊಳಕೆಯ ಭಾಗ ಎರಡನ್ನೂ ತೆಗೆದು ಉಳಿದ ಬಿಳಿ ತಿರುಳನ್ನು ಬೀಸಿದರೆ ಮೈದಾ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಅಷ್ಟೇ ಮೈದಾದಲ್ಲಿ ಇರುವುದು 3 ಗ್ರಾಂಗಿಂತ ಕಡಿಮೆ.

ಆದರೆ ಬೂಸಾ ಬೇಕರಿಯವನಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಅದರ ಚೂಪು ಚೂರುಗಳು ಅಂಟಿನ ಜಾಲವನ್ನು ಕತ್ತರಿಸುತ್ತವೆ. ನೀರನ್ನು ನಿಧಾನವಾಗಿ, ಹೆಚ್ಚಾಗಿ ಕುಡಿಯುತ್ತವೆ. ಹಾಗಾಗಿ ಇಡೀ ಗೋಧಿಯ ಹಿಟ್ಟಿಗೆ ನೀರೂ ಹೆಚ್ಚು ಬೇಕು, ಸಮಯವೂ ಹೆಚ್ಚು ಬೇಕು. ಕಳ್ಳಿನ ಕಾಲದಲ್ಲಿ ಸಮಯಕ್ಕೆ ಕೊರತೆಯಿರಲಿಲ್ಲ. ಕಳ್ಳು ಮೆಲ್ಲನೆ ಉಬ್ಬಿಸುವಂಥದ್ದು. ಕಲೆಸಿದ ಕಣಕ ಗಂಟೆಗಟ್ಟಲೆ ಮಲಗಿರುತ್ತಿತ್ತು. ಆ ದೀರ್ಘ ವಿಶ್ರಾಂತಿಯಲ್ಲಿ ಹುಳಿಮಿಶ್ರಿತ ಪರಿಮಳ ಬರುತ್ತಿತ್ತು. ಜೊತೆಗೆ ಬೂಸಾದಲ್ಲಿ ಕಬ್ಬಿಣದ ಅಂಶವನ್ನು ಹಿಡಿದಿಡುವ ಫೈಟಿಕ್ ಆಮ್ಲವೂ ತಕ್ಕಮಟ್ಟಿಗೆ ಒಡೆಯುತ್ತಿತ್ತು.

ಇಂದು ಮರ ಹತ್ತಿ ಕಳ್ಳು ಇಳಿಸುವವರು ವಿರಳ. ಯೀಸ್ಟ್ ಪೊಟ್ಟಣದಲ್ಲಿ ಬರುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಕಟ್ಟಿಗೆ ದುಬಾರಿ. ನಡುರಾತ್ರಿ ಎದ್ದು ಒಲೆಯ ಮುಂದೆ ಬೇಯುವ ಈ ದುಡಿಮೆಯನ್ನು ಪೊದೇರರ ಮಕ್ಕಳಲ್ಲಿ ಅನೇಕರು ಮುಂದುವರಿಸುತ್ತಿಲ್ಲ. ಓದಿದ ಮಕ್ಕಳು ಬೇರೆ ದಾರಿ ಹಿಡಿದರೆ ಯಾವ ತಂದೆ-ತಾಯಿ ತಾನೇ ಬೇಡವೆಂದಾರು? ಆ ಒಲೆಗಳ ಮುಂದೆ ಈಗ ಹೊರ ರಾಜ್ಯದವರ ಕೈಗಳಿವೆ. ಅವುಗಳಲ್ಲಿ ನಮ್ಮ ಕರ್ನಾಟಕದಿಂದ ಹೋದವರ ಕೈಗಳೂ ಸೇರಿವೆ. ಗೋವೆಯ ಬೆಳಗಿನ ರೊಟ್ಟಿ ಇಂದಿಗೂ ಮನೆ ತಲುಪುತ್ತಿದ್ದರೆ ಅದರಲ್ಲಿ ಅವರ ಪಾಲೂ ಇದೆ.

ಚಿಂತೆಯ ಸಂಗತಿ ಬೇರೊಂದಿದೆ. ಎಷ್ಟೋ ಕಡೆ ಪೊಯಿ ಈಗ ಮೈದಾದಲ್ಲೇ ತಯಾರಾಗುತ್ತದೆ. ಬೂಸಾ ಮೇಲಿನ ಅಲಂಕಾರ ಮಾತ್ರ. ಹೆಸರು ಉಳಿದು ಕಾಳು ಮಾಯವಾಗುವುದೆಂದರೆ ಇದೇ. ಪರೀಕ್ಷೆ ಬಹು ಸರಳ. ಪೊಯಿಯನ್ನು ಮುರಿದು ಒಳಗೆ ನೋಡಿ. ಒಳಗೂ ಕಂದು ಬಣ್ಣ, ಚುಕ್ಕಿಗಳು ಕಂಡರೆ ಹಳೆಯ ಪೊಯಿ. ಅಚ್ಚ ಬಿಳಿಯಾಗಿದ್ದರೆ ವೇಷ ತೊಟ್ಟ ಪಾವ್!

ಈ ವ್ಯತ್ಯಾಸವನ್ನು ನಾಲಿಗೆಗೆ ಕಲಿಸಲು ಗೋವೆಗೇ ಹೋಗಬೇಕೆಂದಿಲ್ಲ. ರಜೆಯ ದಿನ ಮಕ್ಕಳೊಡನೆ ಮನೆಯಲ್ಲೇ ಮಾಡಿ ನೋಡಬಹುದು. ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಒಣ ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಬಂದರೆ ಯೀಸ್ಟ್ ಬದುಕಿದೆ ಎಂದು ತಿಳಿಯಿರಿ. ಕುದಿಯುವ ನೀರು ಹಾಕಿದರೆ ಅದು ಸಾಯುತ್ತದೆ. 300 ಗ್ರಾಂ ಗಿರಣಿ ಗೋಧಿ ಹಿಟ್ಟಿಗೆ ಒಂದು ಚಮಚ ಉಪ್ಪು ಬೆರೆಸಿ, ಯೀಸ್ಟ್ ನೀರು ಹಾಕಿ, ಚಪಾತಿ ಹಿಟ್ಟಿಗಿಂತ ಸಡಿಲವಾಗಿ ಕಲೆಸಿ. ಯೀಸ್ಟ್ ನೀರೂ ಸೇರಿ ಒಟ್ಟು 210 ಮಿಲಿಲೀಟರ್‌ನಷ್ಟು ನೀರು ಹಿಡಿಯುತ್ತದೆ. ಹಿಟ್ಟನ್ನು ಜರಡಿ ಹಿಡಿಯಬೇಡಿ, ಬೂಸಾ ಹೋಗುವುದು ಅಲ್ಲೇ! ಅರ್ಧ ಗಂಟೆ ಬಿಟ್ಟು ಹತ್ತು ನಿಮಿಷ ಚೆನ್ನಾಗಿ ನಾದಿ. ಕಣಕ ಎರಡರಷ್ಟಾಗುವವರೆಗೆ ಮುಚ್ಚಿಡಿ. ಮಂಗಳೂರಿನ ಸೆಕೆಗೆ ಒಂದು ಗಂಟೆ ಸಾಕು; ಬೆಂಗಳೂರಿನ ಚಳಿಗೆ ಎರಡು ಬೇಕಾದೀತು. ಆರು ಉಂಡೆ ಮಾಡಿ, ತುಸು ತಟ್ಟಿ, ಬೂಸಾದಲ್ಲಿ ಹೊರಳಿಸಿ ಇನ್ನೊಂದು ಅರ್ಧ ಗಂಟೆ ಬಿಡಿ. ಮೊದಲೇ 220 ಡಿಗ್ರಿಗೆ ಕಾಯಿಸಿದ ಒಲೆಯಲ್ಲಿ 12ರಿಂದ 15 ನಿಮಿಷ ಬೇಯಿಸಿದರಾಯಿತು. ಒಳಗಿನ ನೀರು ಆವಿಯಾಗಿ ರೊಟ್ಟಿ ಪೂರಿಯಂತೆ ಉಬ್ಬುವುದನ್ನು ಮಕ್ಕಳು ಕಣ್ಣರಳಿಸಿ ನೋಡುತ್ತಾರೆ.

ಮುಂದಿನ ಸಲ ಗೋವಾ ಪ್ರವಾಸ ಹಾಕಿಕೊಂಡಾಗ ಪಟ್ಟಿಯಲ್ಲಿ ಒಂದು ನಸುಕನ್ನೂ ಸೇರಿಸಿ. ಹಾರನ್ ಕೇಳಿಸಿದಾಗ ಮಕ್ಕಳನ್ನು ಎಬ್ಬಿಸಿ, ಬುಟ್ಟಿಯ ಬಳಿಗೆ ಕಳಿಸಿ, ಇಡೀ ಗೋಧಿಯ ಪೊಯಿಯನ್ನೇ ಕೇಳಲು ಹೇಳಿ. ಕೇಳುವವರು ಇರುವಷ್ಟು ದಿನ ಅದನ್ನು ಸುಡುವವರೂ ಇರುತ್ತಾರೆ.