ಒಂದನೇ ನಂಬರು ಯಾರಿಗೆ? ಮೂರು ಪೇಟೆಗಳ ಟಿಪ್ಪಣಿ

ಹೊನ್ನಾವರ. ಶರಾವತಿ ದಂಡೆಯಲ್ಲಿ ಹೋಮ್‌ಸ್ಟೇ ನಡೆಸುವ ಅಕ್ಕನೊಬ್ಬರಿಗೆ ಮತ್ತೆ ಮತ್ತೆ ಒಂದೇ ಬಗೆಯ ಫೋನ್ ಬರುತ್ತದೆ. ಆಚೆ ಕಡೆಯವರು ಯಾವ ಊರಿನವರೋ, ಮಾತೆಲ್ಲ ಹಿಂದಿಯಲ್ಲಿ. ನಿಮ್ಮ ವೆಬ್‌ಸೈಟನ್ನು ಗೂಗಲ್‌ನಲ್ಲಿ ಒಂದನೇ ನಂಬರಿಗೆ ತರುತ್ತೇವೆ, ಗ್ಯಾರಂಟಿ, ತಿಂಗಳಿಗೆ ಇಷ್ಟು ಕೊಡಿ. ಪಕ್ಕದ ರೆಸಾರ್ಟಿನವರಿಗೂ ಇದೇ ಫೋನ್, ದೋಣಿ ವಿಹಾರ ನಡೆಸುವವರಿಗೂ ಇದೇ. ‘ಎಲ್ರಿಗೂ ಒಂದನೇ ನಂಬರು ಕೊಡ್ತೇವೆ ಹೇಳ್ತಾರೆ. ಹಾಗಾದ್ರೆ ಎರಡನೇದು ಯಾರಿಗೆ ಮಾರಾಯ್ರೆ?’ ಎಂದು ಅಕ್ಕ ಕೇಳಿದರು.

ಈ ಪ್ರಶ್ನೆ ತಲೆಯಲ್ಲೇ ಉಳಿಯಿತು. ಶರಾವತಿ ಸರ್ಕಲ್ಲಿನಲ್ಲಿ ನಿಂತು ಫೋನಿನಲ್ಲಿ ‘ಮೀನೂಟ’ ಎಂದು ಹುಡುಕಿದೆ. ಒಂದು ಪಟ್ಟಿ ಬಂತು. ಸೇತುವೆ ದಾಟಿ ಕಾಸರಕೋಡಿನಲ್ಲಿ ಅದನ್ನೇ ಹುಡುಕಿದರೆ ಮೇಲಿದ್ದವರು ಕೆಳಗೆ, ಕೆಳಗಿದ್ದವರು ಮೇಲೆ. ಕುಮಟಾದ ಗಿಬ್ ಸರ್ಕಲ್ಲಿಗೆ ಹೋದರೆ ಪಟ್ಟಿಯೇ ಬೇರೆ. ನಡುವೆ ಇರುವುದು ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ಊರಿನ ಅಂಗಡಿ, ಹೋಟೆಲುಗಳ ವಿಷಯದಲ್ಲಿ ತಾನು ನೋಡುವುದು ಮುಖ್ಯವಾಗಿ ಮೂರು ಎಂದು ಗೂಗಲ್ ಹೇಳುತ್ತದೆ: ಕೇಳಿದ್ದಕ್ಕೂ ಅಂಗಡಿಗೂ ಇರುವ ಹೊಂದಿಕೆ, ಕೇಳಿದವರಿಂದ ಅಂಗಡಿಗಿರುವ ದೂರ, ಅಂಗಡಿಯ ಹೆಸರುವಾಸಿ. ಇದರಲ್ಲಿ ದೂರವನ್ನು ಯಾವ ಏಜೆನ್ಸಿಯೂ ಕಡಿಮೆ ಮಾಡಲಾರದು. ಅಂದಮೇಲೆ ಒಂದನೇ ನಂಬರು ಎನ್ನುವುದು ಒಂದಲ್ಲ. ಕೇಳುವವರು ನಿಂತ ಜಾಗಕ್ಕೊಂದು. ಮೊದಲ ಸ್ಥಾನದ ಖಾತ್ರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ಫೋನ್ ಮಾಡುವವರು ಅದನ್ನು ಓದಿಲ್ಲವೇ, ಓದಿಯೂ ಮಾರುತ್ತಾರೆಯೇ?

ಕಾಸರಕೋಡು. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಕಡಲತೀರಗಳಿಗೆ, ಸ್ವಚ್ಛತೆ, ಸುರಕ್ಷತೆ ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಕರ್ನಾಟಕದಿಂದ ಎರಡು, ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಇದು. ಇಷ್ಟು ಗೌರವ ಬಂದರೂ ಈ ಊರಿಗೊಂದು ವಿಚಿತ್ರ ಸಂಕಟ. ಕನ್ನಡದಲ್ಲಿ ಇದು ಕಾಸರಕೋಡು, ಕೇರಳದಲ್ಲಿರುವುದು ಕಾಸರಗೋಡು. ವ್ಯತ್ಯಾಸ ಒಂದೇ ಅಕ್ಷರದ್ದು. ಇಂಗ್ಲಿಷಿನಲ್ಲಿ ಬರೆಯುವವರಂತೂ ಎರಡನ್ನೂ ಮನಸ್ಸಿಗೆ ಬಂದಂತೆ ಬರೆಯುತ್ತಾರೆ. ಜಿಲ್ಲಾ ಕೇಂದ್ರವಾದ ಕಾಸರಗೋಡಿನ ಬಗ್ಗೆ ಬರಹ ರಾಶಿ ಇದೆ. ನಮ್ಮ ಕಾಸರಕೋಡು ಅದರ ನೆರಳಿಗೆ ಸಿಕ್ಕುತ್ತದೆ. ಆದರೂ ಉಪಾಯ ದೊಡ್ಡದೇನಲ್ಲ. ಎಲ್ಲಿ ಬರೆದರೂ ‘ಹೊನ್ನಾವರದ ಕಾಸರಕೋಡು’ ಎಂದು ಬರೆದರೆ ಯಂತ್ರಕ್ಕೂ ದಾರಿ ತಪ್ಪುವುದಿಲ್ಲ, ಪ್ರವಾಸಿಗೂ ತಪ್ಪುವುದಿಲ್ಲ. ಹೋಟೆಲಿನವರಲ್ಲಿ ಹಾಗೆ ಬರೆದವರು ಕಡಿಮೆ.

ಇನ್ನೊಂದು ಮಾತು. ಇದೇ ಊರಿನ ಟೊಂಕದಲ್ಲಿ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಬೀಚ್ ಎಂದು ಹುಡುಕಿದವರಿಗೆ ನೀಲಿ ಬಾವುಟ ಕಾಣುತ್ತದೆ, ಬಂದರು ಎಂದು ಹುಡುಕಿದವರಿಗೆ ಹೋರಾಟ ಕಾಣುತ್ತದೆ. ಒಂದೇ ಮರಳು ದಂಡೆ. ಹುಡುಕುವವರು ಏನು ಕೇಳಬೇಕೆಂದು ಮೊದಲೇ ತಿಳಿದಿರಬೇಕು ಎನ್ನುವುದು ನನ್ನನ್ನು ಕಾಡುತ್ತದೆ.

ಭಟ್ಕಳ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಒಂದು ಊರಿನ ಹೆಸರು ಹುಡುಕಾಟದಲ್ಲಿ ಸಿಕ್ಕಿಬೀಳುವುದು ಎಂದರೇನು ಎಂಬುದು ಈ ಊರಿನವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಭಯೋತ್ಪಾದನೆ ಪ್ರಕರಣಗಳಲ್ಲಿ ಸಿಲುಕಿದ ಕೆಲವರ ಹೆಸರಿನ ಮುಂದೆ ಮಾಧ್ಯಮಗಳು ಊರಿನ ಹೆಸರನ್ನು ಅಂಟಿಸಿದವು. ದೇಶದ ಪತ್ರಿಕೆಗಳೆಲ್ಲ ವರ್ಷಗಟ್ಟಲೆ ಹಾಗೇ ಬರೆದವು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಊರು ಯಾವುದೆಂದು ಹೇಳಲು ತಡವರಿಸುವ ಹುಡುಗರನ್ನು ಬಲ್ಲೆ. ಮನೆ ಮಾಲೀಕರು ಫೋನ್ ತೆಗೆದು ಊರಿನ ಹೆಸರು ಟೈಪ್ ಮಾಡುತ್ತಾರೆ ಎಂಬ ಅಂಜಿಕೆ.

ಯಂತ್ರಕ್ಕೆ ದ್ವೇಷವಿಲ್ಲ, ನಿಜ. ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಗೂಗಲ್ ಶುರುಮಾಡಿದಾಗ ಅವರ ಮೂಲ ವಿಚಾರ ಸರಳವಾಗಿತ್ತು: ಒಂದು ಪುಟದಿಂದ ಇನ್ನೊಂದಕ್ಕೆ ಕೊಟ್ಟ ಕೊಂಡಿ ಒಂದು ಮತದಂತೆ, ಹೆಚ್ಚು ಮತ ಪಡೆದವರು ಕೊಟ್ಟ ಮತಕ್ಕೆ ತೂಕವೂ ಹೆಚ್ಚು. ಈಗ ಲೆಕ್ಕಾಚಾರ ಬಹಳ ಬೆಳೆದಿದೆ, ಆದರೆ ಆ ತತ್ವ ಪೂರ್ತಿ ಹೋಗಿಲ್ಲ. ದಿಲ್ಲಿಯ ದೊಡ್ಡ ಪತ್ರಿಕೆಗಳ ತೂಕದೆದುರು ಒಂದು ತಾಲ್ಲೂಕು ಪೇಟೆ ಏನು ಮಾಡೀತು?

ಆದರೂ ಮಾಡಿದ್ದಾರೆ, ಅದನ್ನು ಬರೆದಿಡಲೇಬೇಕು. ಸಾಹಿಲ್ ಆನ್‌ಲೈನ್ ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಊರಿನ ಸುದ್ದಿ ಕೊಡುತ್ತದೆ. ಭಟ್ಕಳ್ಳಿಸ್ ಎಂಬ ಇನ್ನೊಂದು ತಾಣವಿದೆ. ಶಾಲೆಯ ಫಲಿತಾಂಶ, ಯಾರದೋ ನಿಧನ, ಹೆದ್ದಾರಿಯ ಅಪಘಾತ, ಮಳೆ, ಬಂದರಿನ ಸುದ್ದಿ. ದುಬೈಯಲ್ಲೋ ಸೌದಿಯಲ್ಲೋ ಕೆಲಸ ಮಾಡುವ ಇಲ್ಲಿನ ನವಾಯತ ಮುಸ್ಲಿಮರು ಓದುತ್ತಾರೆ, ಹಂಚುತ್ತಾರೆ. ಭಟ್ಕಳದ ಸಾಮಾನ್ಯ ದಿನಗಳ ಲಿಖಿತ ದಾಖಲೆ ಹೀಗೆ ಬೆಳೆದಿದೆ. ಅದನ್ನು ಬೆಳೆಸಿದ್ದು ಫೋನಿನವರು ಮಾರುವ ಯಾವ ಪ್ಯಾಕೇಜೂ ಅಲ್ಲ, ದಿನವೂ ಬರೆದದ್ದು. ವಿಜಯನಗರಕ್ಕೆ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಬಂದರು ಇದು. ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದ ಗೋಡೆಗಳ ಕೆತ್ತನೆ ನೋಡಿದವರು ಮರೆಯುವುದಿಲ್ಲ. ಇವುಗಳ ಬಗ್ಗೆ ಕನ್ನಡದಲ್ಲಿ ಒಳ್ಳೆಯ ಪುಟಗಳು ಇನ್ನೂ ಎಷ್ಟೋ ಬೇಕು.

ಮುರುಡೇಶ್ವರದ 123 ಅಡಿ ಶಿವ, ಇಪ್ಪತ್ತು ಅಂತಸ್ತಿನ ಗೋಪುರ ಎಲ್ಲರಿಗೂ ಗೊತ್ತು. ಅದು ಭಟ್ಕಳ ತಾಲ್ಲೂಕು ಎಂದು ಎಷ್ಟು ಜನಕ್ಕೆ ಗೊತ್ತು? ಗೋಕರ್ಣ ಕುಮಟಾ ತಾಲ್ಲೂಕು ಎಂಬುದೂ ಹಾಗೆಯೇ.

ಕುಮಟಾ. ಬೇಸಿಗೆ. ಅಳ್ವೆಕೋಡಿ, ಹಂದಿಗೋಣದ ಬದಿಯಲ್ಲಿ ಹೆದ್ದಾರಿಯ ಇಕ್ಕೆಲದಲ್ಲೂ ಸಿಹಿ ಈರುಳ್ಳಿಯ ಗೊಂಚಲುಗಳು. ಒಣಗಿದ ಎಲೆಗಳನ್ನೇ ಜಡೆ ಹೆಣೆದು ಕಟ್ಟಿ ಗಳಕ್ಕೆ ನೇತುಹಾಕಿರುತ್ತಾರೆ. ಮಾರುವ ಅಮ್ಮನಿಗೆ ವೆಬ್‌ಸೈಟ್ ಇಲ್ಲ. ಬೇಕೇ? ‘ಮಳೆ ಬರೂದ್ರೊಳಗೆ ಎಲ್ಲಾ ಖರ್ಚಾಗ್ತದೆ, ಮತ್ತೆಂತಕ್ಕೆ?’ ಎಂದರು. ಅವರ ಮಾತು ಸರಿ. ಎಲ್ಲರೂ ಗೂಗಲ್‌ನಲ್ಲಿ ಮೇಲೆ ಬರಬೇಕಾಗಿಲ್ಲ. ಆದರೆ ಈ ಈರುಳ್ಳಿಯ ಬಗ್ಗೆ, ಅಘನಾಶಿನಿಯ ಗಜನಿ ಗದ್ದೆಗಳ ಉಪ್ಪುನೀರಲ್ಲೂ ಬೆಳೆಯುವ ಕಗ್ಗ ಭತ್ತದ ಬಗ್ಗೆ ಯಾರಾದರೂ ಹುಡುಕಿದಾಗ, ಬೆಳೆದವರ ಮಾತು ಮೊದಲು ಸಿಗಬೇಕು. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಕೇಳುವವರು ಇನ್ನೂ ಹೆಚ್ಚುತ್ತಾರೆ. ಆದರೆ ಈಗ ಸಿಗುವುದೇನು? ಮಿರ್ಜಾನ್ ಕೋಟೆ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಎಂದು ಹುಡುಕಿ ನೋಡಿ, ಒಂದೇ ವಾಕ್ಯ ಪುಟದಿಂದ ಪುಟಕ್ಕೆ ನಕಲಾಗಿರುವುದು ಕಾಣುತ್ತದೆ. ನಕಲು, ಸತ್ತ್ವವಿಲ್ಲದ ಪುಟಗಳನ್ನು ಕೆಳಕ್ಕೆ ತಳ್ಳಲು ಗೂಗಲ್ 2011ರಲ್ಲಿ ಪಾಂಡಾ, ಕೊಂಡಿಗಳನ್ನು ಕೊಳ್ಳುವಂಥ ಮೋಸಕ್ಕೆ 2012ರಲ್ಲಿ ಪೆಂಗ್ವಿನ್ ಎಂಬ ಬದಲಾವಣೆ ತಂದಿತು. ಇಷ್ಟಾದರೂ ನಕಲು ಹೇಗೆ ಉಳಿಯುತ್ತದೆ? ನನಗೆ ತೋಚುವ ಉತ್ತರ ಒಂದೇ: ಅದಕ್ಕಿಂತ ಒಳ್ಳೆಯದನ್ನು ಯಾರೂ ಬರೆದಿಲ್ಲ.

ಮತ್ತೆ ಹೊನ್ನಾವರ. ಸಂಜೆ ಯಕ್ಷಗಾನ ಎಲ್ಲಿದೆ ಎಂದು ಹುಡುಕಿದೆ. ಏನೂ ಸಿಗಲಿಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ತಾಲ್ಲೂಕಿನಲ್ಲಿ ಆಟ ಸಿಗಲಿಲ್ಲ ಎಂದರೆ! ಸ್ವಲ್ಪ ಹೊತ್ತಿಗೆ ಚಹಾ ಅಂಗಡಿಯವರು ವಾಟ್ಸಾಪ್ ತೋರಿಸಿದರು. ಆಟ ಅದೇ ರಾತ್ರಿ, ನಾಲ್ಕೇ ಮೈಲಿ ದೂರದಲ್ಲಿ. ಪ್ರಸಂಗ, ಭಾಗವತರು, ವೇಷಧಾರಿಗಳು, ಸ್ಥಳ, ಸಮಯ ಎಲ್ಲವೂ ಕರಪತ್ರದ ಫೋಟೋದೊಳಗೆ. ವಾಟ್ಸಾಪ್ ಗುಂಪಿನೊಳಕ್ಕೆ ಗೂಗಲ್ ಇಣುಕುವುದಿಲ್ಲ. ಜಾಲತಾಣಕ್ಕೆ ಹಾಕಿದರೂ ಬರೀ ಚಿತ್ರ ಹಾಕಿದರೆ ಅಕ್ಷರ ಹಾಕಿದಷ್ಟು ಪ್ರಯೋಜನವಿಲ್ಲ. ಹಳೆಯ ಕನ್ನಡ ತಾಣಗಳದ್ದೂ ಇದೇ ಕಥೆ. ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಾಣುತ್ತಿತ್ತು, ಒಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದನ್ನು ಯೂನಿಕೋಡಿಗೆ ತಿರುಗಿಸದೆ ಬಿಟ್ಟ ಲೇಖನಗಳು ಜಾಲದಲ್ಲಿದ್ದೂ ಇಲ್ಲದಂತೆ.

ಅಕ್ಕನಿಗೆ ಏನು ಹೇಳಿದೆ ಎಂಬುದನ್ನೂ ಬರೆದಿಡುತ್ತೇನೆ. ದುಡ್ಡು ಕೊಡಬೇಡಿ. ಪುಟದೊಳಗೆ ಕಣ್ಣಿಗೆ ಕಾಣದಂತೆ ಇಡುವ ಮೆಟಾ ಕೀವರ್ಡ್ ತುಂಬಿಕೊಡುತ್ತೇವೆ ಎಂದರೆ, ಗೂಗಲ್ ಅದನ್ನು ನೋಡುವುದಿಲ್ಲ ಎಂದು 2009ರಲ್ಲೇ ಹೇಳಿದೆ. ಐದು ಸ್ಟಾರಿನ ರಿವ್ಯೂ ಕೊಡಿಸುತ್ತೇವೆ ಎಂದರೆ, ಅದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಆನ್‌ಲೈನ್ ವಿಮರ್ಶೆಗಳಿಗೆಂದೇ ನಮ್ಮ ಭಾರತೀಯ ಮಾನಕ ಬ್ಯೂರೋ (ಬಿಐಎಸ್) 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನೂ ತಂದಿದೆ. ಬದಲಿಗೆ ನಿಮಗೆ ಗೊತ್ತಿರುವುದನ್ನು ಬರೆಯಿರಿ. ಕಾಂಡ್ಲಾ ಕಾಡಿನ ದೋಣಿ ಯಾವ ಭರತದ ಹೊತ್ತಿಗೆ ಚೆಂದ, ಮಳೆಗಾಲದಲ್ಲಿ ಏನು ಮುಚ್ಚಿರುತ್ತದೆ, ಸ್ಟೇಷನ್ನಿನಿಂದ ಆಟೋಕ್ಕೆ ಎಷ್ಟು, ಬೆಳಗ್ಗೆ ತೆಳ್ಳೇವು ಸಿಗುತ್ತದೋ ಇಲ್ಲವೋ. ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಇದು ಗೊತ್ತಾಗುವುದೇ ಇಲ್ಲ.

ಓದುಗರಲ್ಲೂ ಒಂದು ಕೋರಿಕೆ. ಈ ಕಡೆ ಬಂದು ಹೋದಮೇಲೆ ಸ್ಟಾರ್ ಒತ್ತಿ ಸುಮ್ಮನಾಗಬೇಡಿ. ಏನು ತಿಂದಿರಿ, ಏನು ನೋಡಿದಿರಿ, ಯಾವುದು ಸರಿಯಿರಲಿಲ್ಲ, ನಾಲ್ಕು ಸಾಲು ಕನ್ನಡದಲ್ಲೇ ಬರೆಯಿರಿ. ಮೇಳದವರು ನಿಮ್ಮ ಪರಿಚಯದವರಾಗಿದ್ದರೆ, ಕರಪತ್ರದ ಫೋಟೋ ಜೊತೆಗೆ ಪ್ರಸಂಗದ ಹೆಸರು, ಊರು, ಸಮಯ ಇಷ್ಟನ್ನಾದರೂ ಟೈಪ್ ಮಾಡಿ ಎಲ್ಲರಿಗೂ ತೆರೆದಿರುವ ಪುಟದಲ್ಲಿ ಹಾಕಲು ಹೇಳಿ.