ಹಾಲೂಡಿಸುವವಳ ಪಾಲು

ಎದೆಹಾಲಿನ ಮಹತ್ವವನ್ನು ಆಸ್ಪತ್ರೆಯ ಗೋಡೆಗಳೇ ಸಾರುತ್ತವೆ. ಹೆರಿಗೆಯಾದ ಒಂದು ತಾಸಿನೊಳಗೆ ಮೊದಲ ಹಳದಿ ಹಾಲು ಕುಡಿಸಿ, ಆರು ತಿಂಗಳ ತನಕ ಎದೆಹಾಲಿನ ಹೊರತು ಹನಿ ನೀರೂ ಬೇಡ, ಎರಡು ವರ್ಷ ತುಂಬಿದ ಮೇಲೂ ಕೊಡಬಹುದು. ಎಲ್ಲವೂ ನಿಜ, ಎಲ್ಲವೂ ಬೇಕಾದ ಮಾತು. 1992ರಿಂದ ಪ್ರತಿ ಆಗಸ್ಟ್ ಮೊದಲ ವಾರ ಜಗತ್ತಿನ ಬಹಳ ದೇಶಗಳು ಇದನ್ನೇ ಮತ್ತೊಮ್ಮೆ ಹೇಳುತ್ತವೆ. ಆದರೆ ಈ ಮಾತುಗಳಲ್ಲೆಲ್ಲ ತಾಯಿ ಕೊಡುವವಳು, ಕೂಸು ಪಡೆಯುವುದು. ಕೊಡುವವಳಿಗೂ ಒಂದು ಪಾಲು ಇದೆ, ಅದರಲ್ಲಿ ನಗು ಬರಿಸುವ ಸಣ್ಣಪುಟ್ಟ ಲಾಭಗಳು ಎಷ್ಟೋ ಇವೆ ಎಂದು ಯಾವ ಗೋಡೆಯೂ ಹೇಳುವುದಿಲ್ಲ. ನನ್ನ ಮಗಳು ಹುಟ್ಟಿದ್ದು ವಿಶಾಖಪಟ್ಟಣದಲ್ಲಿ. ಗಂಡನಿಗೆ ಬಂದರಿನಲ್ಲಿ ಕೆಲಸ, ನಮ್ಮದು ಎಂ.ವಿ.ಪಿ. ಕಾಲೊನಿಯ ಮೂರನೆಯ ಮಹಡಿಯ ಮನೆ. ಆ ಪಾಲು ನನಗೆ ದಕ್ಕಿದ್ದು ಅಲ್ಲಿ.

ಎಲ್ಲಕ್ಕಿಂತ ದೊಡ್ಡದು ಕೂಡುವ ಹಕ್ಕು. ನಮ್ಮ ಕಡೆ ಹೆಣ್ಣುಮಕ್ಕಳು ಹಾಡಹಗಲು ಸುಮ್ಮನೆ ಕೂತದ್ದನ್ನು ನಾನು ಕಂಡವಳಲ್ಲ. ಕೂತರೂ ಮಡಿಲಲ್ಲಿ ಸೋಸುವ ಸೊಪ್ಪು ಇರಬೇಕು, ಕೈಯಲ್ಲಿ ಹೂವಿನ ದಾರ ಇರಬೇಕು. ಬಾಣಂತನ ಮಾಡಲೆಂದು ನನ್ನವ್ವ ಹುಬ್ಬಳ್ಳಿಯಿಂದ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ, ಒಂದು ಡಬ್ಬಿ ಅಂಟಿನುಂಡಿ ಹಿಡಿದುಕೊಂಡು ಬಂದಳು. ಹಾಗೆ ಸುಮ್ಮನೆ ಕೂಡದೇ ಬದುಕಿದವಳೇ ಆಕೆ. ಆದರೆ ಕೂಸು ಕುಂಯ್ ಎಂದರೆ ಸಾಕು, "ಪಾತ್ರಿ ನಾ ತಿಕ್ಕತೀನಿ, ನೀ ಮೊದಲ ಕೂಸಿಗೆ ಮೊಲಿ ಕೊಡು ಹೋಗು" ಎಂದು ನನ್ನನ್ನು ಅಡುಗೆಮನೆಯಿಂದ ಎಬ್ಬಿಸಿ ಕಳಿಸುತ್ತಿದ್ದಳು. ಅರ್ಧ ತಾಸು ಗೋಡೆಗೆ ದಿಂಬು ಒರಗಿಸಿ ಕೂತರೆ ಯಾರೂ ಏನೂ ಕೇಳುವಂತಿಲ್ಲ. ಮದುವೆಯಾದಾಗಿನಿಂದ ಯಾರೂ ನನಗೆ ಹೀಗೆ ಅಡ್ಡಿಯಿಲ್ಲದ ಅರ್ಧ ತಾಸು ಕೊಟ್ಟಿರಲಿಲ್ಲ. ಈಗ ಅಂಥವು ದಿನಕ್ಕೆ ಎಂಟು ಹತ್ತು.

ಆ ಹೊತ್ತಿನಲ್ಲಿ ನಾನು ತೆಲುಗು ಓದಲು ಕಲಿತೆ. ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ನಾಲ್ಕು ಮಡಿಕೆ ಮಾಡಿದ ‘ಈನಾಡು’. ಆ ಪತ್ರಿಕೆ 1974ರಲ್ಲಿ ಶುರುವಾದದ್ದು ಇದೇ ಊರಿನಲ್ಲಿ. ಲಿಪಿ ನಮ್ಮದಕ್ಕೆ ಅಕ್ಕತಂಗಿಯಂತೆ ಇರುವುದರಿಂದ ತಲೆಬರಹಗಳು ಬೇಗನೆ ಒಲಿದವು. ಆಮೇಲೆ ಧಾರಣೆ ಪುಟ, ಆಮೇಲೆ ಸಿನಿಮಾ ಪುಟ, ಕೊನೆಗೆ ಸಂಪಾದಕೀಯ. ಮಗಳು ಮಗ್ಗುಲು ಮಗುಚುವ ಹೊತ್ತಿಗೆ ಅವಳ ಅಮ್ಮ ತೆಲುಗು ಪತ್ರಿಕೆಯನ್ನು ಮೊದಲಿನಿಂದ ಕೊನೆತನಕ ಓದುತ್ತಿದ್ದಳು.

ಇನ್ನು ಊಟ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕಿಲೋಕ್ಯಾಲೊರಿ ಹೆಚ್ಚು ಬೇಕು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಅಂದರೆ ಇನ್ನೊಂದು ಊಟ. ಅದಕ್ಕೆ ತಕ್ಕ ಹಸಿವೂ ಬರುತ್ತದೆ, ಆ ಹಸಿವಿನಷ್ಟು ಪ್ರಾಮಾಣಿಕವಾದದ್ದನ್ನು ನಾನು ಬೇರೆ ಕಂಡಿಲ್ಲ. ನಡುರಾತ್ರಿ ಎದ್ದು ಕೂಸಿಗೆ ಹಾಲು ಕೊಟ್ಟು, ಒಂದು ಅಂಟಿನುಂಡಿ ಬಾಯಿಗೆ ಹಾಕಿಕೊಂಡರೆ ತುಪ್ಪ, ಉತ್ತತ್ತಿ, ಕೊಬ್ಬರಿಯ ರುಚಿ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿತ್ತು. ಕೆಳಗಿನ ಮನೆಯಾಕೆ ಮೀನು ತಿನ್ನುವವರು. ಕಡಲತೀರದ ಆ ಊರಲ್ಲಿ ಬಾಣಂತಿಗೆ ಪಾಲಸೊರ ಎಂಬ ಸಣ್ಣ ಶಾರ್ಕ್ ಮೀನನ್ನು ಬೇಯಿಸಿ ಹಾಕುತ್ತಾರೆ, ಹಾಲು ಹೆಚ್ಚುತ್ತದೆಂಬ ನಂಬಿಕೆ. ನಮ್ಮಲ್ಲಿ ಅದು ನಡೆಯುವುದಿಲ್ಲ ಎಂದು ಗೊತ್ತಾದ ಮೇಲೆ ಅವರು ಬೆಳ್ಳುಳ್ಳಿ ಕಾರ ಕುಟ್ಟಿ, ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿಕೋ ಎಂದು ಬಾಟಲಿ ತುಂಬ ಕೊಟ್ಟರು. ಅವ್ವನ ಸಬ್ಬಸಿಗೆ ಪಲ್ಯದಲ್ಲೂ ಬೆಳ್ಳುಳ್ಳಿಯೇ ಮುಂದು.

ಈ ಬೆಳ್ಳುಳ್ಳಿಯ ಕತೆ ನನಗೆ ಬಹಳ ಇಷ್ಟ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ರುಚಿ-ವಾಸನೆಗಳನ್ನೇ ಅಧ್ಯಯನ ಮಾಡುವ ಮೊನೆಲ್ ಕೇಂದ್ರವಿದೆ. ಅಲ್ಲಿ ಜೂಲಿ ಮೆನೆಲ್ಲಾ ಮತ್ತು ಗ್ಯಾರಿ ಬೋಷಾಂ ಎಂಬ ವಿಜ್ಞಾನಿಗಳು ತಾಯಂದಿರಿಗೆ ಬೆಳ್ಳುಳ್ಳಿಯ ಗುಳಿಗೆ ನುಂಗಿಸಿ ನೋಡಿದರು. ಹಾಲಿಗೆ ಬೆಳ್ಳುಳ್ಳಿಯ ಘಮ ಬಂತು. ಕೂಸುಗಳು ಮುಖ ತಿರುಗಿಸುವ ಬದಲು ಹೆಚ್ಚು ಹೊತ್ತು ಮೊಲೆ ಹಿಡಿದವು. ಇದು 1991ರಲ್ಲಿ ಪ್ರಕಟವಾಯಿತು. ಬಾಣಂತಿಗೆ ಬೆಳ್ಳುಳ್ಳಿ ಹಾಕು ಎಂದ ನಮ್ಮ ಅಜ್ಜಿಯಂದಿರು ಯಾವ ಗುಳಿಗೆಯನ್ನೂ ಕಂಡವರಲ್ಲ. ತಾಯಿ ಉಂಡದ್ದರ ರುಚಿ ಹಾಲಿನಲ್ಲಿ ಹೋಗುತ್ತದೆ ಎಂದರೆ, ನನ್ನ ಮಗಳು ಹಲ್ಲು ಬರುವ ಮುಂಚೆಯೇ ಹುಬ್ಬಳ್ಳಿಯ ಸಬ್ಬಸಿಗೆಯನ್ನೂ ವಿಶಾಖದ ಬೆಳ್ಳುಳ್ಳಿ ಕಾರವನ್ನೂ ಒಟ್ಟಿಗೆ ಉಂಡವಳು. ಎರಡು ರಾಜ್ಯಗಳ ಅಡುಗೆಯನ್ನು ಒಂದೇ ಎದೆಯಲ್ಲಿ ಬಡಿಸಿದ ಸಂತೋಷ ನನ್ನದು.

ಕೂಸಿಗೆ ನಾಲ್ಕು ತಿಂಗಳಾದಾಗ ವಿಜಯವಾಡದಲ್ಲಿ ಗಂಡನ ಅಕ್ಕನ ಮಗಳ ಮದುವೆ. ಮೇ ತಿಂಗಳು. ವಿಶಾಖದಿಂದ ಸುಮಾರು 350 ಕಿಲೋಮೀಟರ್. ಮಧ್ಯಾಹ್ನ ಹೊರಟು ರಾತ್ರಿಯಾಗುವ ಹೊತ್ತಿಗೆ ಮುಟ್ಟಿಸುವ ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಹೋದೆವು. ನಮ್ಮ ಸೀಟು ನಡುವಿನವು. ಅನಕಾಪಲ್ಲಿ ದಾಟುವಷ್ಟರಲ್ಲಿ ಮಗಳು ಅಳತೊಡಗಿದಳು. ಎದುರಿಗಿದ್ದ ಹಿರಿಯಾಕೆ, "ಪಾಪ ಏಡುಸ್ತೋಂದಿ, ಪಾಲಿವ್ವಮ್ಮಾ" ಎಂದರು. ಕೂಸು ಅಳುತ್ತಿದೆ, ಹಾಲು ಕೊಡಮ್ಮಾ ಎಂದು. ಅಷ್ಟಕ್ಕೇ ಬಿಡಲಿಲ್ಲ. ಕಿಟಕಿ ಪಕ್ಕದಲ್ಲಿ ಕೂತ ಹುಡುಗನ ಕಡೆ ಒಮ್ಮೆ ನೋಡಿದರು. ಅವನು ಪುಸ್ತಕ ಮುಚ್ಚಿ ಎದ್ದು ಆಚೆ ಹೋಗಿ ನಿಂತ. ಇನ್ನೊಬ್ಬಾಕೆ ಸಾಮಾನು ಇಡುವ ಹಲಗೆಯಿಂದ ತನ್ನ ಟವೆಲ್ ಇಳಿಬಿಟ್ಟು ಪರದೆ ಮಾಡಿದರು. ಕಿಟಕಿಯ ಸೀಟು, ಗಾಳಿ, ಮರೆ ಎಲ್ಲವೂ ಒಂದು ನಿಮಿಷದಲ್ಲಿ ನನ್ನದಾದವು. ಬಾಟಲಿಯಿಲ್ಲ, ಫ್ಲಾಸ್ಕಿಲ್ಲ, ಕುದಿಸಿ ಆರಿಸಬೇಕಾದ ನೀರಿಲ್ಲ. ಸೀರೆಯ ಸೆರಗೊಂದೇ ನನ್ನ ಸರಂಜಾಮು.

ಆಮೇಲೆ ಶುರುವಾಯಿತು ಮಾತು. ಕೂಸಿಗೆ ಹಾಲು ಕೊಡುವವಳ ಮುಂದೆ ಹೆಂಗಸರು ತಮ್ಮ ಗುಟ್ಟುಗಳನ್ನು ತಾವಾಗಿ ಬಿಚ್ಚುತ್ತಾರೆ. ಆ ಹಿರಿಯಾಕೆ ಅವಳಿಜವಳಿಗಳಿಗೆ ಒಟ್ಟಿಗೆ ಕುಡಿಸಿದವರು. ಟವೆಲ್ ಕೊಟ್ಟಾಕೆ ತಂಗಿ ಜ್ವರದಲ್ಲಿ ಮಲಗಿದ್ದಾಗ ತನ್ನ ಮಗನ ಜೊತೆ ತಂಗಿಯ ಮಗಳಿಗೂ ಹಾಲೆರೆದವರು. ಆ ಇಬ್ಬರು ಮಕ್ಕಳಿಗೆ ಈಗ ಮದುವೆ ವಯಸ್ಸಂತೆ, ಒಂದೇ ಎದೆಯ ಹಾಲು ಕುಡಿದದ್ದರಿಂದ ಅಣ್ಣತಂಗಿಯರೆಂದೇ ಅವರ ಮನೆಯ ಲೆಕ್ಕ. ಪತ್ರಿಕೆಯಲ್ಲಿ ಓದಿ ಕಲಿತ ನನ್ನ ತೆಲುಗಿಗೆ ನಾಲಗೆ ಬಂದದ್ದು ಆ ಬೋಗಿಯಲ್ಲಿ. ಸಾಮರ್ಲಕೋಟದಲ್ಲಿ ಯಾರೋ ಕಾಕಿನಾಡ ಕಾಜಾ ಬಿಚ್ಚಿದರು. ಮೊದಲ ತುಂಡು ನನ್ನ ಕೈಗೆ ಬಂತು. ಬೇಡವೆಂದೆ. "ಪಾಲಿಚ್ಚೇ ತಲ್ಲಿಕಿ ಪೆಟ್ಟಕುಂಡಾ ತಿನಕೂಡದು" ಎಂದರು. ಹಾಲೂಡುವ ತಾಯಿಗೆ ಕೊಡದೆ ತಿನ್ನಬಾರದಂತೆ. ಇಂಥ ಶಾಸ್ತ್ರವನ್ನು ಮೀರಲು ನನಗೂ ಮನಸ್ಸಾಗಲಿಲ್ಲ. ಪಾಕ ತುಂಬಿದ ಆ ಕಾಜಾ ತಿನ್ನುತ್ತಲೇ ರಾಜಮಹೇಂದ್ರಿ ಮುಟ್ಟಿದೆ. ಗೋದಾವರಿ ಸೇತುವೆ ಬಂದಾಗ ಬೋಗಿಯವರೆಲ್ಲ ಕಿಟಕಿಗಳಿಗೆ ಮುತ್ತಿದರು. ನಾನು ಆಗಲೇ ಕಿಟಕಿಯಲ್ಲಿದ್ದೆ. ಹಿರಿಯಾಕೆ ನಿದ್ದೆಹೋದ ಮಗಳ ಮುಷ್ಟಿಗೆ ಒಂದು ರೂಪಾಯಿಯ ನಾಣ್ಯ ತಾಗಿಸಿ ಸರಳುಗಳ ನಡುವಿನಿಂದ ನದಿಗೆ ಹಾಕಿದರು. ಅಷ್ಟಗಲದ ಗೋದಾವರಿಯನ್ನು ಈ ದಡದಿಂದ ಆ ದಡದ ತನಕ ಕೂತಲ್ಲೇ ಕಂಡೆ.

ಬೇಸಿಗೆಯ ವಿಜಯವಾಡ 45 ಡಿಗ್ರಿ ಮುಟ್ಟುವುದುಂಟು. ಮದುವೆಮನೆಯಲ್ಲಿ ಎ.ಸಿ. ಇದ್ದದ್ದು ಒಂದೇ ಕೋಣೆ. ಅದನ್ನು ಮದುಮಗಳಿಗೆಂದು ಇಟ್ಟಿದ್ದರು, ಆದರೆ ಕೂಸು ಬಂದದ್ದೇ ತಡ ಅದು ಕೂಸಿನ ಕೋಣೆಯಾಯಿತು. ಮೊದಲ ದಿನವೇ ಬೀಗರ ಪೈಕಿ ಒಬ್ಬ ಅಜ್ಜಿ ಒಳಗೆ ಬಂದು, ಈ ಸೆಕೆಗೆ ಕೂಸಿಗೆ ಎರಡು ಚಮಚ ನೀರು ಹಾಕದಿದ್ದರೆ ಹೇಗೆ ಎಂದು ಹಟ ಹಿಡಿದರು. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇದೆ, ಎಂಥ ಬಿಸಿಲಲ್ಲೂ ಆರು ತಿಂಗಳ ತನಕ ಕೂಸಿಗೆ ಅಷ್ಟು ಸಾಕು, ಹೊರಗಿನ ನೀರಿನಿಂದ ಭೇದಿಯ ಭಯ ಎಂದು ನನಗೆ ಬಂದಷ್ಟು ತೆಲುಗಿನಲ್ಲಿ ಹೇಳಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಹಾಗಿದ್ದರೆ ನೀರು ಹಾಕಬೇಕಾದದ್ದು ನಿನಗೆ ಎಂದರು. ಅಂದಿನಿಂದ ಮದುವೆ ಮುಗಿಯುವ ತನಕ ತಾಸಿಗೊಂದು ಲೋಟ ಮಜ್ಜಿಗೆ ಬಂತು, ಶುಂಠಿ ಕರಿಬೇವು ಹಾಕಿದ ತಣ್ಣಗಿನ ಮಜ್ಜಿಗೆ. ನಾನು ವಾದದಲ್ಲಿ ಗೆದ್ದು ಇಷ್ಟು ಒಳ್ಳೆಯದನ್ನು ಪಡೆದದ್ದು ಅದೊಂದೇ ಸಲ.

ಆ ಕೋಣೆಯೇ ಮದುವೆಮನೆಯ ನಡುಮನೆಯಾಯಿತು. ಕೂಸಿಗೆ ಹಾಲು ಕೊಡುತ್ತಿದ್ದಾರೆ ಎಂದರೆ ಗಂಡಸರು ಒಳಗೆ ಬರುವುದಿಲ್ಲ, ಲೆಕ್ಕಪತ್ರದ ಚೀಲ ಹಿಡಿದವರು ಬಾಗಿಲು ತಟ್ಟುವುದಿಲ್ಲ, ಫೋಟೊದವರು ಹೊರಗೇ ನಿಲ್ಲುತ್ತಾರೆ. ಮದುಮಗಳು ಜಡೆಯ ಭಾರ ತಾಳದೆ ಬಂದು ನನ್ನ ಪಕ್ಕ ಅಡ್ಡಾದಳು. ಅವಳ ಅಮ್ಮ ಬೆಳಗಿನಿಂದ ನಿಂತ ಕಾಲು ಚಾಚಿದರು. ಮಜ್ಜಿಗೆಯ ಅಜ್ಜಿ ಎಲೆ ಅಡಿಕೆ ಬಿಚ್ಚಿದರು. ಹೊರಗೆ ನಾದಸ್ವರ, ಒಳಗೆ ನಗು. ಆರತಿಗೆ ಕರೆಯಲು ಬಂದವರಿಗೆ "ಕೂಸು ಕುಡೀತಾ ಇದೆ" ಎಂಬ ಒಂದೇ ಉತ್ತರ ಎಲ್ಲರ ಪರವಾಗಿಯೂ ಸಲ್ಲುತ್ತಿತ್ತು, ಕೂಸು ಯಾವಾಗಲೋ ನಿದ್ದೆ ಹೋಗಿದ್ದರೂ. ಹೊರಡುವಾಗ ಅತ್ತಿಗೆ ನನಗೆ ಕೊಟ್ಟದ್ದು ರೇಷ್ಮೆಯಲ್ಲ, ಪಕ್ಕದ ಮಂಗಳಗಿರಿಯ ನೂಲಿನ ಸೀರೆ. ಕೂಸಿನ ಮೇಲೆ ಹೊದಿಸಿದರೆ ಸೆಕೆಯಾಗಬಾರದು, ನೋಡು ಎಂದರು. ಆ ಸೆರಗಿನ ಕೆಳಗೆ ಮಗಳು ಎಷ್ಟು ಸಂಜೆ ವಿಶಾಖದ ರಾಮಕೃಷ್ಣ ಬೀಚಿನ ಕಟ್ಟೆಯ ಮೇಲೆ ನಿಶ್ಚಿಂತೆಯಿಂದ ಕುಡಿದಳೋ.

ಮೈಗೆ ಆಗುವ ಲಾಭಗಳೂ ಇವೆ. ಕೂಸು ಚೀಪತೊಡಗಿದಾಗ ಆಕ್ಸಿಟೋಸಿನ್ ಎಂಬ ಹಾರ್ಮೋನು ಹರಿದು ಹಾಲಿಳಿಯುತ್ತದೆ, ಗರ್ಭಕೋಶ ಮೊದಲಿನ ಗಾತ್ರಕ್ಕೆ ಕುಗ್ಗಲು ಅದೇ ನೆರವಾಗುತ್ತದೆ, ಮನಸ್ಸೂ ಹಗುರಾಗುತ್ತದೆ. ತಿಂಗಳ ಮುಟ್ಟು ಎಷ್ಟೋ ಕಾಲ ಮುಂದೆ ಹೋಗುತ್ತದೆ. ಆ ತಿಂಗಳುಗಳ ಹಾಯನ್ನು ಹೆಣ್ಣುಮಕ್ಕಳಿಗೆ ವಿವರಿಸಬೇಕಿಲ್ಲ. ಚುಚ್ಚುಮದ್ದಿನ ದಿನ ಮೊಲೆ ಹಿಡಿಸಿಕೊಂಡೇ ಸೂಜಿ ಹಾಕಿಸಿದರೆ ಕೂಸಿನ ನೋವು ಕಡಿಮೆಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2015ರಲ್ಲಿ ಹೇಳಿದೆ, ನನ್ನ ಮಗಳು ಒಂದೇ ಒಂದು ಕೂಗು ಹಾಕಿ ಮತ್ತೆ ಕುಡಿಯತೊಡಗಿದಳು. ತಾಯಿಗೆ ಸ್ತನ ಕ್ಯಾನ್ಸರಿನ ಅಪಾಯ ಹಾಲೂಡಿಸಿದ ಪ್ರತಿ ಹನ್ನೆರಡು ತಿಂಗಳಿಗೆ ಶೇಕಡಾ 4.3ರಷ್ಟು ತಗ್ಗುತ್ತದೆ ಎಂದು 30 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಈ ಕೊನೆಯದನ್ನಾದರೂ ಆಸ್ಪತ್ರೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು.

ರಾತ್ರಿಗಳ ಬಗ್ಗೆ ಒಂದು ಮಾತು. ಎರಡು ಗಂಟೆಗೆ ಏಳುವುದು ಕಷ್ಟವೇ. ಆದರೆ ಏಳದೇ ಹೋಗಿದ್ದರೆ ಬಂದರಿನೊಳಗೆ ಬರಲು ಸರದಿ ಕಾಯುತ್ತ ದೂರದ ಕಡಲಲ್ಲಿ ಲಂಗರು ಹಾಕಿದ ಹಡಗುಗಳ ದೀಪಗಳನ್ನು ನಾನು ನೋಡುತ್ತಲೇ ಇರಲಿಲ್ಲ. ಗಂಡ ದಿನವೂ ಹೆಸರು ಹೇಳುವ ಆ ಹಡಗುಗಳನ್ನು ಮಗಳಿಗೆ ಹಾಲು ಕೊಡುತ್ತ ನಾನೇ ಎಣಿಸುತ್ತಿದ್ದೆ.

ಮೊದಲ ಎರಡು ಮೂರು ವಾರ ಎಲ್ಲರಿಗೂ ಸುಲಭವಲ್ಲ. ತೊಟ್ಟು ಒಡೆಯುತ್ತದೆ, ಎದೆ ಕಲ್ಲಾಗುತ್ತದೆ, ಕೂಸು ಸರಿಯಾಗಿ ಹಿಡಿಯುವುದಿಲ್ಲ. ಕಲಿಸಿಕೊಡುವವರು ಪಕ್ಕದಲ್ಲಿ ಬೇಕು. ಕೆಲವರಿಗೆ ಎಷ್ಟು ಮಾಡಿದರೂ ಹಾಲು ಸಾಲುವುದಿಲ್ಲ, ಕೆಲವರು ಔಷಧಿಗಳ ಕಾರಣದಿಂದ ಕೊಡುವಂತಿಲ್ಲ. ಅವರು ಯಾರಿಗೂ ಕಡಿಮೆ ತಾಯಂದಿರಲ್ಲ. ಕೆಲಸಕ್ಕೆ ಮರಳುವವರು ಇದನ್ನೂ ತಿಳಿದಿರಬೇಕು: ಕಾನೂನು ಕೂಸಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಟ್ಟಿದೆ. ಅದು ಹಕ್ಕು, ಕೇಳಿ ಪಡೆಯಿರಿ.

ಬಾಣಂತಿಯನ್ನು ನೋಡಲು ಹೋಗುವವರಲ್ಲಿ ನನ್ನದೊಂದು ಬಿನ್ನಹ. "ಹಾಲು ಸಾಕಾಗ್ತದೇನು?" ಎಂದು ಕೇಳಬೇಡಿ. ಆ ಪ್ರಶ್ನೆ ಎಂಥ ಗಟ್ಟಿ ಹೆಂಗಸಿನ ಮನಸ್ಸಲ್ಲೂ ಅನುಮಾನ ಬಿತ್ತುತ್ತದೆ. ಹಾಲು ಇಳಿಯುವಾಗ ಬಹಳ ಬಾಯಾರಿಕೆ ಆಗುತ್ತದೆ, ಅವಳ ಕೈಗೆಟುಕುವಲ್ಲಿ ಒಂದು ತಂಬಿಗೆ ನೀರಿಡಿ. ಬಾಗಿಲು ಮುಂದೆ ಮಾಡಿ. ಅಡುಗೆಮನೆಯಲ್ಲಿ ಪಾತ್ರೆಗಳಿದ್ದರೆ ತಿಕ್ಕಿಟ್ಟು ಬನ್ನಿ.