ಶಾರ್ಜಾದಲ್ಲಿ ಮಳೆ ನಿಂತ ಮೇಲೆ

ದುಬೈಯಿಂದ ಅಲ್ ಇತ್ತಿಹಾದ್ ರಸ್ತೆಯಾಗಿ ಶಾರ್ಜಾ ತಲುಪಿದಾಗ ಮೊದಲು ನಿಮ್ಮ ಕಣ್ಣಿಗೆ ಬೀಳುವುದು ಎತ್ತರದ ಕಟ್ಟಡಗಳು. ಆದರೆ ಆ ಊರಿನ ದುಡಿಮೆಯ ಮುಖವನ್ನು ನೋಡಬೇಕಾದರೆ ಸಂಖ್ಯೆಗಳಿಂದಲೇ ಗುರುತಿಸಲ್ಪಡುವ ಕೈಗಾರಿಕಾ ಪ್ರದೇಶಗಳಿಗೆ ಹೋಗಬೇಕು. ಸಾಲು ಸಾಲು ಗ್ಯಾರೇಜುಗಳು, ಹಳೆಯ ಬಿಡಿಭಾಗಗಳ ಅಂಗಡಿಗಳು. ಉರ್ದು, ಪಶ್ತೋ, ಬಂಗಾಳಿ, ಮಲಯಾಳಂ ನಡುವೆ ನಮ್ಮ ಕರಾವಳಿಯ ಬ್ಯಾರಿ, ನವಾಯತಿ ಮಾತುಗಳೂ ಕಿವಿಗೆ ಬೀಳುತ್ತವೆ.

2024ರ ಎಪ್ರಿಲ್ 16ರಂದು, ಈದುಲ್ ಫಿತ್ರ್ ಕಳೆದು ವಾರವೂ ತುಂಬಿರಲಿಲ್ಲ, ಈ ನಾಡು ಕಂಡರಿಯದ ಮಳೆ ಸುರಿಯಿತು. ಅಲ್ ಐನ್ ಸಮೀಪದ ಖತ್ಮುಶ್ಶಕ್ಲಾದಲ್ಲಿ 24 ಗಂಟೆಯೊಳಗೆ 254 ಮಿ.ಮೀ. ದಾಖಲಾಯಿತು. 1949ರಲ್ಲಿ ದಾಖಲೆ ಇಡಲು ಆರಂಭಿಸಿದ ಬಳಿಕ ಸುರಿದ ಅತಿ ಭಾರೀ ಮಳೆಗಳಲ್ಲಿ ಇದೂ ಒಂದು. ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಕಾಣುವ ಮಂಗಳೂರಿನವರಿಗೆ ಇದು ದೊಡ್ಡದೆನಿಸದು. ಆದರೆ ವರ್ಷವಿಡೀ ನೂರು ಮಿ.ಮೀ. ಬಿದ್ದರೇ ಹೆಚ್ಚೆನ್ನುವ, ಇಳಿಜಾರಿಲ್ಲದ ಮರಳು ನೆಲದಲ್ಲಿ ನೀರು ಹೋಗುವುದಾದರೂ ಎಲ್ಲಿಗೆ? ಶಾರ್ಜಾದ ಕೆಲವು ಬೀದಿಗಳಲ್ಲಿ ಅದು ದಿನಗಟ್ಟಲೆ ನಿಂತಿತು. ಬಾಡಿಗೆ ಮನೆಗಳ ಮುಂದೆ ನಿಲ್ಲಿಸಿದ್ದ ಕಾರುಗಳು ಸೀಟಿನವರೆಗೆ ಮುಳುಗಿದವು.

ನೀರು ಇಳಿದ ಮೇಲೆ ಅನೇಕರಿಗೆ ಒಂದೇ ಸಮಸ್ಯೆ: ಕೀಲಿಕೈ ತಿರುಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿತ್ರದ ದೀಪ ಮಿನುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಇದು ಇಮ್ಮೊಬಿಲೈಸರ್‌ನ ಕೆಲಸ. ಕೀಲಿಯ ಹಿಡಿಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಕೀಲಿ ಹಾಕುವ ತೂತಿನ ಸುತ್ತಲಿರುವ ತಂತಿಯ ಸುರುಳಿ ಅದಕ್ಕೆ ಶಕ್ತಿ ಕೊಟ್ಟು ಗುಪ್ತ ಸಂಕೇತವನ್ನು ಓದುತ್ತದೆ. ಸಂಕೇತ ಹೊಂದಿದರೆ ಮಾತ್ರ ಇಂಜಿನ್ನಿಗೆ ಅನುಮತಿ. ಕಳ್ಳನನ್ನು ತಡೆಯಲು ಇಟ್ಟ ಈ ಕಾವಲುಗಾರ, ನೀರು ಹೊಕ್ಕು ತಂತಿಗಳ ಕೂಡುಗಳಲ್ಲಿ ಕಿಲುಬು ಹಿಡಿದರೆ ಒಡೆಯನನ್ನೂ ಗುರುತಿಸುವುದಿಲ್ಲ.

ನಿಮ್ಮ ಕಾರಿಗೆ ಇಂಥ ಗತಿ ಬಂದರೆ ಅವಸರ ಬೇಡ. ಮತ್ತೆ ಮತ್ತೆ ಕೀಲಿ ತಿರುಗಿಸಬೇಡಿ. ಸಿಲಿಂಡರಿನೊಳಗೆ ನೀರಿದ್ದರೆ ಇಂಜಿನ್ನೇ ಮುರಿದೀತು. ಮೊದಲು ಬ್ಯಾಟರಿಯ ಸಂಪರ್ಕ ತೆಗೆಸಿ. ವಾಹನವನ್ನು ಎಳೆಸಿಕೊಂಡು ಹೋಗಿ, ನೆಲಹಾಸು ಬಿಚ್ಚಿಸಿ, ತಂತಿಗಳ ಕೂಡುಗಳನ್ನು ಶುಚಿಗೊಳಿಸಿ ಪೂರ್ತಿ ಒಣಗಿಸಿ. ಅನಂತರ ಮನೆಯಲ್ಲಿ ಒಣಗಿದ್ದ ಎರಡನೆಯ ಕೀಲಿಯನ್ನು ಹಾಕಿ ನೋಡಿ. ಅದರಿಂದ ಚಾಲೂ ಆದರೆ ದೋಷ ಮೊದಲ ಕೀಲಿಯಲ್ಲಿದೆ. ಎರಡೂ ಸೋತರೆ ಸುರುಳಿ, ತಂತಿ ಅಥವಾ ನಿಯಂತ್ರಣ ಪೆಟ್ಟಿಗೆಯನ್ನು ಪರೀಕ್ಷಿಸಬೇಕು. ಹಳೆಯ ಕಾರಿನಿಂದ ಕಿತ್ತ ಪೆಟ್ಟಿಗೆ ಅಗ್ಗವೆಂದು ತಂದು ಕೂರಿಸಿದರೆ ಸಾಮಾನ್ಯವಾಗಿ ನಡೆಯದು. ಅದು ತನ್ನ ಹಳೆಯ ಕೀಲಿಯನ್ನೇ ನಂಬುತ್ತದೆ, ಹೊಸದಾಗಿ ಸಂಕೇತ ಬರೆಸಬೇಕಾಗುತ್ತದೆ. ಥರ್ಡ್ ಪಾರ್ಟಿ ವಿಮೆ ಮಾತ್ರ ಇರುವವರಿಗೆ ಈ ಖರ್ಚೆಲ್ಲ ಕೈಯಿಂದಲೇ.

ಮಳೆ ಅಲ್ಲಾಹನ ಅನುಗ್ರಹ. ಅದು ಪ್ರಯೋಜನಕಾರಿಯಾಗಲಿ ಎಂದು ಪ್ರಾರ್ಥಿಸಲು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದರೆ ಮಳೆಯ ಬಳಿಕ ಮನುಷ್ಯನ ಪರೀಕ್ಷೆ ಆರಂಭವಾಗುತ್ತದೆ. ಮುಳುಗಿದ ಕಾರನ್ನು ತೊಳೆದು, ಸುಗಂಧ ಸಿಂಪಡಿಸಿ, ಏನೂ ಆಗಿಲ್ಲವೆಂಬಂತೆ ಮಾರುವುದು ಎಷ್ಟು ಸುಲಭ! ಕಿಲುಬು ತಿಂಗಳುಗಳ ಬಳಿಕ ತಲೆಯೆತ್ತುತ್ತದೆ. ಆಗ ನಡು ರಸ್ತೆಯಲ್ಲಿ ನಿಲ್ಲುವವನು, ಸಾಲ ಮಾಡಿ ಕೊಂಡ ಯಾರೋ ಬಡ ನೌಕರ.

ಮದೀನಾದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ತೇವವಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಜನರು ನೋಡುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಕೇಳಿದ ಅವರು, ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಇಮಾಮ್ ಮುಸ್ಲಿಮ್ ಇದನ್ನು ವರದಿ ಮಾಡಿದ್ದಾರೆ. ಅಂದು ಧಾನ್ಯ, ಇಂದು ಕಾರು. ನೆನೆಸಿದ್ದು ಎರಡನ್ನೂ ಮಳೆಯೇ.

ಆದ್ದರಿಂದ ಹಳೆಯ ಕಾರು ಕೊಳ್ಳುವಾಗ, ಗಲ್ಫಿನಲ್ಲಾಗಲಿ ಊರಿನಲ್ಲಾಗಲಿ, ನೀವೂ ಕೈಯಿಟ್ಟು ನೋಡಿ: ನೆಲಹಾಸಿನಡಿಯ ತೇವ, ಸೀಟಿನ ಹಳಿಯ ತುಕ್ಕು, ಸ್ಟೆಪ್ನಿಯ ಗುಂಡಿಯಲ್ಲಿ ಕೆಸರು, ಮುಗ್ಗಲು ವಾಸನೆ. ಮಾರುವವರು ನೀವಾದರೆ ನೀರು ಹೊಕ್ಕದ್ದನ್ನು ಮೊದಲೇ ಹೇಳಿಬಿಡಿ. ಬೆಲೆ ಸ್ವಲ್ಪ ಇಳಿಯಬಹುದು, ಆದರೆ ಕೈಸೇರಿದ ಹಣ ಹಲಾಲ್ ಆಗಿರುತ್ತದೆ.